ಫೋಟೋಕ್ಕ ತಯಾರಾಗಿ ಬರ್ರಿ ಅಂದ್ರ

ರಾಯಚೂರಾಗ ನಂದೊಂದು ಫೋಟೋ ಸ್ಟುಡಿಯೋ ಅದ. ಫೋಟೋ ತೆಗೆಸ್ಕೊಳ್ಳಾಕ ಬರೋರಿಗೆ ಮೊದಲ ಫೋನಿನ್ಯಾಗ ಹೇಳಿರ್ತೀನಿ: ಚೊಲೊ ನಿದ್ದಿ ಮಾಡ್ರಿ, ಮುಖಕ್ಕ ಪೌಡರ್ ಬಡೀಬ್ಯಾಡ್ರಿ, ಮೈಗೆ ಹೊಂದೋ ಸಾದಾ ಅಂಗಿ ಹಾಕ್ಕೊಂಡು ಬರ್ರಿ. ಹೂಂ ಅಂತಾರ. ಬಂದಾಗ ನೋಡಿದ್ರ ತಮಗ ತಿಳಿದದ್ದನ್ನ ಮಾಡ್ಕೊಂಡು ಬಂದಿರ್ತಾರ. ಮೊದಲ ಸಿಟ್ಟು ಬರ್ತದ, ಆಮ್ಯಾಲ ನಗಿ. ಈ ದಂಧೇದಾಗ ಇದು ತಪ್ಪಿದ್ದಲ್ಲ.

ಸಾಹುಕಾರ್ರ ನಗಿ

ಅಕ್ಕಿ ಗಿರಣಿ ಸಾಹುಕಾರ್ರೊಬ್ಬರು ತಮ್ಮ ಸಂಘದ ಎಲೆಕ್ಷನ್‌ಗೆ ನಿಂತಿದ್ರು. ಬ್ಯಾನರಿಗೆ ಫೋಟೋ ಬೇಕಿತ್ತು. ಅವತ್ತ ಮುಂಜಾನಿ ತಲಿಗೆ ಬಣ್ಣ ಹಚ್ಚಿಸ್ಕೊಂಡು ಬಂದಿದ್ರು. ಲೈಟಿನ ಕಾವಿಗೆ ಕಿವಿ ಮ್ಯಾಲ ಕರೀ ನೀರು ಇಳ್ಯಾಕತ್ತಿತ್ತು. ಒರಿಸಿ ಕೂಡಿಸಿದೆ.

"ಸ್ವಲ್ಪ ನಗ್ರಿ ಸಾಹುಕಾರ್ರ."

ಮುಖ ಇನ್ನಷ್ಟು ಗಂಟು ಹಾಕಿದ್ರು.

"ಓಟು ಕೇಳೋರು ಹಿಂಗ ಕುಂತ್ರ ಹ್ಯಾಂಗ್ರಿ?"

"ನಿನಗೇನು ಗೊತ್ತಪಾ? ಬ್ಯಾನರ್ ಕಟ್ಟೋದು ನನ್ನ ಗಿರಣಿ ಮುಂದ. ನಾ ನಕ್ಕಿದ್ದು ಹಮಾಲರು ಕಂಡ್ರ, ಸಾಹುಕಾರ್ರು ಖುಷಿ ಅದಾರ ಅಂತ ನಾಳಿಗೇ ಕೂಲಿ ಜಾಸ್ತಿ ಕೇಳ್ತಾರ."

ಗುಂಡುಸೂಜಿ ಅಂಗಿ

ಮಾನ್ವಿಯಿಂದ ಅರಿವಿ ಅಂಗಡಿ ಮಾಲಕರು ಮಗನ್ನ ಕರ್ಕೊಂಡು ಬಂದ್ರು. ಹೆಣ್ಣಿನ ಕಡೆಯೋರಿಗೆ ಹುಡುಗನ ಫೋಟೋ ಕಳಿಸೋದಿತ್ತು. ಹುಡುಗ ಅಂಗಡೀದ ಹೊಸಾ ಅಂಗಿ ತೊಟ್ಟಿದ್ದ. ಕಾಲರಿನ ರಟ್ಟು, ಗುಂಡುಸೂಜಿ ಎಲ್ಲಾ ಹಂಗ ಇದ್ವು.

"ಸೂಜಿ ತೆಗೀರಿ, ಚುಚ್ತಾವು" ಅಂದೆ.

"ತೆಗೆದ್ರ ಮಡಿಕಿ ಕೆಡ್ತದ. ಸಂಜಿಕ್ಕ ವಾಪಸ್ ಅಂಗಡ್ಯಾಗ ಇಡೋದದ" ಅಂದ್ರು ಅಪ್ಪ. ಮಗನ ಕಡೆ ತಿರುಗಿ, "ಹಿಲ್ ನಕ್ಕೋ ಬೇಟಾ" ಅಂದ್ರು. ಅಲುಗಾಡಾಕ ಅವನಿಗೂ ಧೈರ್ಯ ಇರಲಿಲ್ಲ ಬಿಡ್ರಿ.

ಹುಡುಗ ಎಷ್ಟು ಶಿಸ್ತು, ಕತ್ತು ನೆಟ್ಟಗಿಟ್ಕೊಂಡು ಕುಂತಾನ ಅಂತ ಹೆಣ್ಣಿನ ಕಡೆಯೋರು ಒಪ್ಪಿದ್ರು. ಲಗ್ನ ಆತು. ಈಗ ಸೊಸಿ ಕೇಳ್ತಾಳಂತ: "ಫೋಟೋದಾಗ ಅಷ್ಟು ನೆಟ್ಟಗ ಕುಂತೋರು ಮನ್ಯಾಗ ಯಾಕ ಯಾವಾಗ್ಲೂ ಗ್ವಾಡಿಗೆ ಒರಗಿರ್ತಾರ?"

ಬಲಕ್ಕ ನೋಡೋ ಯವ್ವ

ದೇವದುರ್ಗದ ಬಸ್ಸಿಗೆ ಒಬ್ಬ ಮುದುಕಿ ಬಂದ್ಲು. ಇಳಕಲ್ ಸೀರಿ, ನೀಟಾಗಿ ಬಾಚಿದ ತಲಿ, ಮುಖಕ್ಕ ಪೌಡರ್ ಇಲ್ಲ. ನಾ ಹೇಳದನ ಇಷ್ಟು ಚೊಲೊ ತಯಾರಾಗಿ ಬಂದಾಕಿ ಈಕಿ ಒಬ್ಬಾಕಿನ.

"ಯಾತಕ್ಕ ಯವ್ವಾ ಫೋಟೋ?"

"ನಾ ಹೋದ ಮ್ಯಾಲ ಗ್ವಾಡಿಗೆ ಹಾಕಾಕಪಾ. ನನ್ನ ಮಗ ಅವರಪ್ಪ ಹೋದಾಗ ಓಟಿನ ಕಾರ್ಡಿನ ಫೋಟೋನ ದೊಡ್ಡದು ಮಾಡಿಸಿ ಹಾಕ್ಯಾನ. ಕಳ್ಳನ್ನ ಹಿಡಿದು ನಿಲ್ಲಿಸಿದಂಗ ಕಾಣ್ತಾರ. ಊದಿನಕಡ್ಡಿ ಹಚ್ಚಾಕ ಹೋದ್ರ ನನಗ ಅಂಜಿಕಿ ಬರ್ತದ. ನಂಗ ಆ ಗತಿ ಬ್ಯಾಡ."

ನಗಬೇಕಂದೆ, ಆಗಲಿಲ್ಲ. ಭಾಳ ಕೆಟ್ಟನಿಸ್ತು. ಈಕೀದು ಛಂದಾಗಿ ಬರಲೇಬೇಕು ಅಂತ ಲೈಟ್ ಎಲ್ಲಾ ಹೊಸದಾಗಿ ಹೊಂದಿಸಿದೆ.

"ಇಲ್ಲಿ ನನ್ನ ಕಡಿ ನೋಡು ಯವ್ವಾ."

ನೋಡವಲ್ಲಳು. ಬಲಕ್ಕ ತಿರುಗಿ ಕುಂತಳು. "ನಮ್ಮ ಪಡಸಾಲ್ಯಾಗ ಫೋಟೋ ಹಾಕಿದ್ರ ಅಡಿಗಿ ಮನಿ ನನ್ನ ಬಲಕ್ಕ ಬರ್ತದಪಾ. ಸೊಸಿ ಮ್ಯಾಲ ಒಂದ ಕಣ್ಣಿರಬೇಕಲ್ಲ."

ಹಂಗ ತೆಗೆದೆ. ಸ್ಕ್ರೀನಿನ್ಯಾಗ ನೋಡಿ, "ನಾ ಇಷ್ಟು ಛಂದ ಅದೀನೇನಪಾ?" ಅಂದು ಸೆರಗಿಲೆ ಕಣ್ಣೊರಿಸ್ಕೊಂಡ್ಳು. ನಂಗೂ ಭಾಳ ಖುಷಿ ಆತು.

ಕೆಲವು ದಿನಕ್ಕ ಆಕೀ ಸೊಸಿ ಅದ ಫೋಟೋ ಹಿಡ್ಕೊಂಡು ಬಂದ್ಲು. ಕೈಯಾಗಿನ ಕೆಲಸ ಬಿಟ್ಟು ಎದ್ದೆ.

"ಯವ್ವ ಹೋದಳೇನ್ರಿ?"

"ಎಲ್ಲಿಗೆ ಹೋಗ್ತಾರ್ರಿ, ಗಟ್ಟಿ ಅದಾರ. ಸಾಯೋತನಕ ಯಾಕ ಕಾಯಬೇಕಂತ ಈಗ್ಲೇ ಗ್ವಾಡಿಗೆ ಹಾಕಿಸ್ಯಾರ. ತಾವು ಗುಡಿಗೆ ಹೋದ್ರೂ ಫೋಟೋ ನನ್ನ ನೋಡ್ತಿರ್ತದ. ಒಂದ ಹಪ್ಪಳ ಸುಟ್ಟು ತಿನ್ನಂಗಿಲ್ಲ. ಇದನ್ನ ಕಂಪ್ಯೂಟರಿನ್ಯಾಗ ಆ ಕಡಿ ತಿರುಗಿಸಿ ಕೊಡ್ರಿ."

"ಆ ಕಡಿ ಏನದ?"

"ನನ್ನ ಗಂಡನ ಮಂಚ. ಹೊತ್ತು ನೆತ್ತಿಗೇರಿದ್ರೂ ಏಳವಲ್ರು. ಹೆತ್ತ ಮಗನ ಮ್ಯಾಲೂ ಸ್ವಲ್ಪ ಕಣ್ಣಿರ್ಲಿ."