ಹೊರಡದೇ ಹೋದ ಫರ್ಮಿನ್

ಫಿಲಿಪ್ಪೀನ್ಸಿನ ಇಲೊಯಿಲೊ ಕಡಲಂಚಿನ ನಮ್ಮ ಓಣಿಯಿಂದ ಹಡಗಿನ ಕೆಲಸಕ್ಕೆ ಹೋದವರು ಎಷ್ಟೋ ಜನ. ಆದರೆ ತನ್ನಷ್ಟು ಜೋರಾಗಿ ಹೋದವನು ಹಿಂದೆಯೂ ಇರಬಾರದು, ಮುಂದೆಯೂ ಹುಟ್ಟಬಾರದು ಎಂದು ಫರ್ಮಿನ್ ತೀರ್ಮಾನಿಸಿಬಿಟ್ಟ!

ಹೊರಡುವವನು ಓಣಿಗೆಲ್ಲ ಬೀಳ್ಕೊಡುಗೆ ಊಟ ಹಾಕಬೇಕು, ಎಲ್ಲರೂ ತಿಂದು, ಹಾಡಿ, ಅತ್ತು ಕಳಿಸಬೇಕು. ಇದು ನಮ್ಮಲ್ಲಿನ ರಿವಾಜು. ಮನಿಲಾದ ಏಜೆನ್ಸಿಯ ಹುಡುಗಿ ಫೋನಿನಲ್ಲಿ, "ಹಡಗಿನ ಅಡುಗೆ ಕೆಲಸ ನಿಮಗೇ ಸರ್, ಸೇರೋ ದಿನ ಇನ್ನೇನು ಕನ್ಫರ್ಮ್ ಆಗುತ್ತೆ" ಎಂದಿದ್ದಳು. ಕೆಲಸ ನಿಮಗೇ ಎಂಬಲ್ಲಿಗೆ ಫರ್ಮಿನ್‌ನ ಕಿವಿ ತುಂಬಿಹೋಯಿತು. ಮುಂದಿನದು ಒಳಗೆ ಇಳಿಯಲೇ ಇಲ್ಲ.

"ಮೊದ್ಲು ದಿನ ಗೊತ್ತಾಗ್ಲಿ ಮಾರಾಯ, ಆಮೇಲೆ ಹಂದಿ ಕೊಯ್ಸು" ಎಂದಳು ಹೆಂಡತಿ ಮೆರ್ಲಿ. ಸಂತೆಯಲ್ಲಿ ಒಣಮೀನು ಮಾರುವವಳು; ಧಾರಾಳ ಅವಳ ಜಾಯಮಾನದಲ್ಲಿಲ್ಲ.

"ಇನ್ನೇನು ಅಂದ್ಲಲ್ಲ ಆ ಹುಡುಗಿ! ಹಡಗು ನನಗೋಸ್ಕರ ಕಾಯ್ತಾ ಇರ್ಬೇಕಾದ್ರೆ ನಾನು ಹಂದಿಗೋಸ್ಕರ ಕಾಯ್ಲಾ?"

ಹಂದಿ ಬೆಂಕಿಯ ಮೇಲೆ ಉರುಳಿತು. ಹಂಡೆಗಟ್ಟಲೆ ಶಾವಿಗೆ ಬೆಂದಿತು. ಮೈಕು ಕೈಯಿಂದ ಕೈಗೆ ಹೋಯಿತು. ಜೀವದ ಗೆಳೆಯ ಟೊಟಿಂಗ್ ಬಿಕ್ಕುತ್ತಲೇ ಹಾಡಿದ. ಅರ್ಧ ಓಣಿಗೆ ಹೆರಿಗೆ ಮಾಡಿಸಿದ ಪಕ್ಕದ ಮನೆಯ ಪುರಿಂಗ್ ಅಜ್ಜಿಯ ಕೈಯನ್ನು ಫರ್ಮಿನ್ ಆಶೀರ್ವಾದಕ್ಕೆಂದು ಹಣೆಗೊತ್ತಿಕೊಂಡಾಗ ಅವಳು, "ನಾನು ಸತ್ರೆ ನೀನಿರಲ್ವಲ್ಲೋ ಮಗಾ" ಎಂದು ಅತ್ತಳು. ಫರ್ಮಿನ್ ಅವಳಿಗಿಂತ ಜೋರಾಗಿ ಅತ್ತ. ಬೆಳಿಗ್ಗೆ ಹೊಸ ಸೂಟ್‌ಕೇಸಿನ ಜೊತೆ ಬಾಡಿಗೆ ಗಾಡಿ ಹತ್ತಿ, ತಿರುವು ದಾಟುವವರೆಗೂ ಮಂತ್ರಿಯ ಗತ್ತಿನಲ್ಲಿ ಕೈ ಬೀಸಿದ.

ಪೇಟೆ ಮುಟ್ಟಿ ಏಜೆನ್ಸಿಗೆ ಫೋನ್ ಮಾಡಿದರೆ ಆ ಹುಡುಗಿಗೇ ಗಾಬರಿ. "ಅಯ್ಯೋ, ಬನ್ನಿ ಅಂತ ಯಾರ್ ಹೇಳಿದ್ರು ಸರ್? ದಿನ ಕನ್ಫರ್ಮ್ ಆಗಿಲ್ಲ. ಊರಲ್ಲೇ ಇದ್ದು ಕಾಯ್ತಾ ಇರಿ."

ಊರಲ್ಲೇ ಇರುವುದು! ಯಾವ ಮುಖ ಹೊತ್ತುಕೊಂಡು? ಹಂದಿ ತಿಂದವರ ಬಾಯಿಯ ಜಿಡ್ಡು ಇನ್ನೂ ಆರಿರಲಿಲ್ಲ. ಓಣಿಯೆಲ್ಲ ಮಧ್ಯಾಹ್ನದ ನಿದ್ದೆಯಲ್ಲಿದ್ದ ಹೊತ್ತು ನೋಡಿ, ಸೂಟ್‌ಕೇಸನ್ನು ಮಗುವಿನಂತೆ ಎದೆಗವಚಿಕೊಂಡು, ಖಾಲಿ ಹಂದಿಗೂಡಿನ ಪಕ್ಕದಿಂದ ನುಸುಳಿ ಹಿತ್ತಿಲ ಬಾಗಿಲು ತಟ್ಟಿದ.

ಮೆರ್ಲಿ ಮೇಲಿಂದ ಕೆಳಗೆ ನೋಡಿದಳು. "ಪ್ರಪಂಚ ಸುತ್ತಿ ಆಯ್ತಾ?"

"ಶ್! ಯಾರಿಗೂ ಹೇಳ್ಬೇಡ. ನಾನು ಇಲ್ಲಿ ಇಲ್ಲ."

"ಇಲ್ದೇ ಇರೋರಿಗೆ ಊಟ ಬಡಿಸೋ ಪದ್ಧತಿ ನಮ್ಮನೇಲಿಲ್ಲ" ಎಂದಳು. ಆದರೂ ಬಡಿಸಿದಳು.

ಅಂದಿನಿಂದ ಫರ್ಮಿನ್ ಒಳಕೋಣೆಯ ವಾಸಿಯಾದ. ಆ ಕೋಣೆಗೆ ಬಾಗಿಲಿಲ್ಲ, ಒಂದು ಪರದೆ ಮಾತ್ರ. ಬೆಳಗಾದರೆ ಮೆರ್ಲಿ ಸಂತೆಗೆ. ಇವನು ಕಿಟಕಿ ತೆರೆಯುವಂತಿಲ್ಲ, ಕೆಮ್ಮುವಂತಿಲ್ಲ. ಒಗ್ಗರಣೆಯ ವಾಸನೆ ಹೊರಗೆ ಹೋದೀತೆಂದು ಹಡಗಿನ ಭಾವೀ ಅಡುಗೆಯವನು ತಂಗಳನ್ನವನ್ನು ಹಾಗೇ ನುಂಗುತ್ತಿದ್ದ! ಏಜೆನ್ಸಿಗೆ ಪಿಸುದನಿಯಲ್ಲಿ ಫೋನ್ ಮಾಡಿದರೆ, "ಸ್ಟ್ಯಾಂಡ್‌ಬೈ ಸರ್" ಎಂಬ ಒಂದೇ ಉತ್ತರ.

ಒಂದೇ ಒಂದು ಆಸೆ ಇತ್ತು. ತಾನಿಲ್ಲದೆ ಓಣಿ ಹೇಗೆ ಕೊರಗುತ್ತದೆ ಎಂಬುದನ್ನು ಕಿವಿಯಾರೆ ಕೇಳಬಹುದಲ್ಲ! ಗೋಡೆಯ ಬಿರುಕಿಗೆ ಒಮ್ಮೆ ಕಿವಿ, ಒಮ್ಮೆ ಕಣ್ಣು ಹಚ್ಚಿ ಕೂತ. ಮೊದಲ ಸಂಜೆ ಅಜ್ಜಿ, "ಪಾಪ, ಫರ್ಮಿನ್ ಎಲ್ಲಿದ್ದಾನೋ" ಎಂದಳು. ಇವನ ಎದೆ ಉಬ್ಬಿತು. ಮರುದಿನ ಮೀನಿನ ಮಾತು. ಆಮೇಲೆ ಯಾರದೋ ಹುಂಜದ ಮಾತು. ಆಮೇಲೆ ಮತ್ತೆ ಮೀನು. ಸಂಜೆಯ ಹಾಡಿನ ಕೂಟದಲ್ಲಿ ಟೊಟಿಂಗ್ ಇವನ ಕುರ್ಚಿಯನ್ನು ಐಸು ಮಾರುವವನಿಗೆ ಕೊಟ್ಟ. ಆ ಐಸಿನವನು ಹೇಳಿದ ಹಳಸಲು ಜೋಕಿಗೆ ಓಣಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸತ್ತ ಮೇಲೂ ಮನುಷ್ಯ ನೋಡಬಾರದ್ದನ್ನು ಫರ್ಮಿನ್ ಬದುಕಿರುವಾಗಲೇ ನೋಡಿಬಿಟ್ಟ. ಕತ್ತಲ ಕೋಣೆಯಲ್ಲಿ ಕೂತವನಿಗೆ ಅಳು ಬಂತು. ಜೋರಾಗಿ ಅಳುವುದಕ್ಕೂ ಸ್ವಾತಂತ್ರ್ಯವಿರಲಿಲ್ಲ.

"ಒಬ್ರಿಗೂ ನನ್ನ ನೆನಪಿಲ್ಲ ಕಣೇ" ಎಂದ, ಮೆರ್ಲಿ ಬಂದ ಮೇಲೆ.

"ಅವ್ರಿಗೇನು ಬೇರೆ ಕೆಲ್ಸ ಇಲ್ವಾ? ಅತ್ತಾಯ್ತು, ಉಂಡಾಯ್ತು."

"ನೀನಾದ್ರೂ ಸಂತೆಯಿಂದ ಬೇಗ ಬಾರೇ. ಗೋಡೆ ಜೊತೆ ಎಷ್ಟೂಂತ ಮಾತಾಡ್ಲಿ?"

ಮೆರ್ಲಿ ಏನೋ ಚುಚ್ಚಲು ಬಾಯಿ ತೆರೆದವಳು ಅವನ ಮುಖ ನೋಡಿ ಮಾತು ಬದಲಿಸಿದಳು. "ಬರ್ತೀನಿ ಬಿಡು" ಎಂದಳು.

ಆದರೆ ಸುಮ್ಮನಿದ್ದರೆ ಅವನು ಫರ್ಮಿನ್ ಹೇಗಾದಾನು! ಮರೆತವರಿಗೆ ನೆನಪಿಸಲೇಬೇಕು ಎಂದು ಪಣ ತೊಟ್ಟ. ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಓಣಿಯವರು ಮೆರ್ಲಿಯ ನಡುಮನೆಯಲ್ಲಿ ಸೇರಿದ್ದರು. ಪರದೆಯ ಈಚೆ ಒಳಕೋಣೆಯಲ್ಲಿ, ಹಡಗಿನ ಗೋಡೆಯಂತೆ ಕಾಣಲೆಂದು ಬಿಳಿ ಹೊದಿಕೆಯನ್ನು ಬೆನ್ನ ಹಿಂದೆ ಕಟ್ಟಿ, ಉಣ್ಣೆಯ ಸ್ವೆಟರ್ ತೊಟ್ಟು, ಫ್ಯಾನಿನ ಸದ್ದಿನ ಮರೆಯಲ್ಲಿ ಫರ್ಮಿನ್ ಹೆಂಡತಿಗೆ ವಿಡಿಯೊ ಕಾಲ್ ಮಾಡಿದ!

"ಫರ್ಮಿನಾ! ಹೇಗಿದೀಯೋ?" ಅಜ್ಜಿ ಫೋನ್ ಕಸಿದುಕೊಂಡಳು.

"ಭಯಂಕರ ಚಳಿ ಅಜ್ಜಿ! ಕೈಕಾಲು ಮರಗಟ್ಟಿದೆ."

"ಮತ್ತೆ ಮುಖದಿಂದ ನೀರಿಳೀತಿದೆಯಲ್ಲೋ?"

"ಮಂಜು ಅಜ್ಜಿ, ಮಂಜು! ಈಗ ಕರಗ್ತಾ ಇದೆ."

ಅಷ್ಟರಲ್ಲಿ ಕಿಟಕಿಯಾಚೆ ಹುಂಜ ಕೂಗಬೇಕೆ! ಟೊಟಿಂಗ್ ಫೋನಿಗೆ ಮುಖ ತೂರಿದ. "ಅಣ್ಣಾ, ಹಡಗಲ್ಲಿ ಹುಂಜ?"

"ನಾನು ಅಡುಗೆಯವ್ನಲ್ವೇನೋ! ನಾಳೆಯ ಸಾರು ಅದು!"

ಎಲ್ಲರೂ ಹೌದು ಹೌದೆಂದರು. ಫರ್ಮಿನ್‌ಗೆ ಉತ್ಸಾಹ ಏರಿತು. ಕ್ಯಾಪ್ಟನ್ ತನ್ನ ಸಾರನ್ನು ಕುಡಿದು ಕಣ್ಣೀರಿಟ್ಟ ಕತೆಯನ್ನು ಶುರು ಮಾಡಿದ. ಕ್ಯಾಪ್ಟನ್ ಕಣ್ಣು ಒರೆಸಿಕೊಳ್ಳುವ ಮೊದಲೇ ಕರೆಂಟು ಹೋಯಿತು. ಮನೆಯ ಫ್ಯಾನುಗಳೆಲ್ಲ ನಿಂತವು. ವೈಫೈ ಸತ್ತು ಕಾಲ್ ಕಡಿಯಿತು. ಸೂಜಿ ಬಿದ್ದರೂ ಕೇಳುವಂಥ ಮೌನ. ಆ ಮೌನದಲ್ಲಿ ಪರದೆಯ ಹಿಂದಿನಿಂದ ಗಟ್ಟಿ ದನಿ ಬಂತು:

"ಹಲೋ! ಅಜ್ಜೀ! ಕೇಳಿಸ್ತಿದೆಯಾ?"

"ಕೇಳಿಸ್ತಿದೆ ಮಗಾ" ಎಂದಳು ಅಜ್ಜಿ. "ಮೊದ್ಲಿಗಿಂತ ಚೆನ್ನಾಗಿ ಕೇಳಿಸ್ತಿದೆ."

ಟೊಟಿಂಗ್ ಪರದೆ ಸರಿಸಿದ. ಸ್ವೆಟರಿನೊಳಗೆ ಬೆಂದು ಕೆಂಪಾದ ಫರ್ಮಿನ್, ತಲೆಯ ಮೇಲೆ ಬಿಚ್ಚಿಬಿದ್ದ ಹೊದಿಕೆ! ಓಣಿ ಅಂದು ನಕ್ಕ ನಗುವಿಗೆ ಲೆಕ್ಕವಿಲ್ಲ. ನಾಚಿಕೆಯಿಂದ ಭೂಮಿಗಿಳಿಯಬೇಕಿದ್ದವನು, ವಿಚಿತ್ರವೆಂದರೆ, ಹಾಯಾಗಿದ್ದ. ಸಂಜೆ ಬಿಸಿ ಸಾರು ಸಿಕ್ಕಿತು, ಐಸಿನವನಿಂದ ಕುರ್ಚಿ ವಾಪಸ್ಸು ಬಂತು. "ಇವತ್ತು ಯಾವ ದೇಶ ಅಣ್ಣಾ?" ಎಂದು ಕಂಡಕಂಡವರು ಕೇಳುವುದನ್ನು ಮಾತ್ರ ಸಹಿಸಿಕೊಳ್ಳಬೇಕಾಯಿತು.

ಕೊನೆಗೊಂದು ದಿನ ಏಜೆನ್ಸಿಯ ಹುಡುಗಿ ತಾನಾಗಿಯೇ ಫೋನ್ ಮಾಡಿದಳು. ಸೇರುವ ದಿನ ನಿಜವಾಗಿಯೂ ಗೊತ್ತಾಗಿತ್ತು! ಫರ್ಮಿನ್ ಬೀದಿಗೆ ಓಡಿ, "ಕನ್ಫರ್ಮ್ ಆಯ್ತು!" ಎಂದು ಕೂಗಿದ.

ಬಲೆ ಹೆಣೆಯುತ್ತಿದ್ದ ಟೊಟಿಂಗ್ ತಲೆಯೆತ್ತಲಿಲ್ಲ. "ಈ ಸಲ ಯಾವ ರೂಮು ಅಣ್ಣಾ?"

ಊಟವಿಲ್ಲ, ಹಾಡಿಲ್ಲ, ಕಣ್ಣೀರಂತೂ ಇಲ್ಲವೇ ಇಲ್ಲ. ಹೊರಡುವ ಬೆಳಿಗ್ಗೆ ಅಜ್ಜಿಯ ಕೈಯನ್ನು ಹಣೆಗೊತ್ತಿಕೊಂಡರೆ ಅವಳು ನಗುತ್ತಾ, "ಹೋಗೋ ಹೋಗು, ಸಂಜೆ ಊಟಕ್ಕೆ ಬಾ, ಮೀನು ಹುರೀತೀನಿ" ಎಂದಳು. ನಿಜ ಅಜ್ಜಿ, ಈ ಸಲ ನಿಜ ಎಂದರೆ ಇನ್ನಷ್ಟು ನಕ್ಕಳು. ತಿರುವಿನವರೆಗೆ ಬಂದವಳು ಮೆರ್ಲಿ ಒಬ್ಬಳೇ. ಗಾಡಿ ಬಂದ ಮೇಲೂ ಸೂಟ್‌ಕೇಸಿನ ಹಿಡಿಯನ್ನು ಅವಳು ಬೇಗ ಬಿಡಲಿಲ್ಲ.

ಹಡಗಿನಲ್ಲಿ ಅಡುಗೆಮನೆ ದೊಡ್ಡದು, ಮಾತಾಡುವವರು ಕಡಿಮೆ. ಕ್ಯಾಪ್ಟನ್ ಸಾರು ಕುಡಿಯುತ್ತಿದ್ದನೇ ಹೊರತು ಅಳಲಿಲ್ಲ. ಭಾನುವಾರ ಸಿಗ್ನಲ್ ಸಿಕ್ಕಾಗ ಫರ್ಮಿನ್ ಡೆಕ್ಕಿಗೆ ಓಡಿ ಮನೆಗೆ ಫೋನ್ ಮಾಡಿದ. ನಡುಮನೆಯಲ್ಲಿ ಓಣಿಯೆಲ್ಲ ಸೇರಿತ್ತು.

"ಓಹೋ, ಪರದೆ ಜೋರಾಗಿದೆ!" ಎಂದಳು ಅಜ್ಜಿ. "ಇಷ್ಟು ನೀಲಿ ಬಟ್ಟೆ ಎಲ್ಲಿ ಸಿಕ್ತೋ?"

"ಅಜ್ಜೀ, ಇದು ಸಮುದ್ರ!"

"ಆಯ್ತಾಯ್ತು, ಸಮುದ್ರ. ಇರು, ನಿನ್ನ ಸಮುದ್ರಕ್ಕೆ ನಾನೇ ಬರ್ತೀನಿ."

ಓಣಿ ಗೊಳ್ಳೆಂದಿತು. ಅಜ್ಜಿ ಫೋನ್ ಹಿಡಿದೇ ಎದ್ದು ಹೋಗಿ ಒಳಕೋಣೆಯ ಪರದೆ ಸರಿಸಿದಳು. ಫರ್ಮಿನ್‌ಗೆ ತನ್ನ ಮಂಚ ಕಂಡಿತು. ಹಾಸಿಗೆ ಸುತ್ತಿಟ್ಟಿತ್ತು, ಕಿಟಕಿ ತೆರೆದಿತ್ತು. ಅಜ್ಜಿ ಬೀರುವಿನ ಹಿಂದೆ ಇಣುಕಿದಳು. ಸೊಂಟ ಹಿಡಿದುಕೊಂಡು ಬಗ್ಗಿ ಮಂಚದ ಕೆಳಗೂ ನೋಡಿದಳು. ನಡುಮನೆಯ ನಗು ನಿಂತಿತು.

ಅಜ್ಜಿಯ ಮುಖ ಮತ್ತೆ ಫೋನಿನಲ್ಲಿ ಮೂಡಿದಾಗ ಅವಳ ತುಟಿ ಅದುರುತ್ತಿತ್ತು.

"ಸಾಕು ಮಗಾ ತಮಾಷೆ" ಎಂದಳು. "ಹೊರಗೆ ಬಾ."