ಕಾಲುವೆಗೆ ಹೋದವನ ಅರ್ಥಶಾಸ್ತ್ರ

ಹೊಸ ಪುಸ್ತಕ ಕೊಂಡು ಓದುವವರಿಗೆ ಇಂಥದ್ದೆಲ್ಲ ಆಗುವುದಿಲ್ಲ. ಇನ್ನೊಬ್ಬರು ಓದಿ ಬಿಟ್ಟ ಪುಸ್ತಕ ಹಿಡಿದವರಿಗೆ ಆಗುತ್ತಲೇ ಇರುತ್ತದೆ. ಕಾಲೇಜು ಶುರುವಾಗುವ ಹೊತ್ತಿಗೆ ಸಿಂಧನೂರಿನ ನಮ್ಮ ಓಣಿಯ ಹುಡುಗ ಹುಡುಗಿಯರು ನನ್ನ ಹತ್ತಿರ ಬಂದು, ಪುಸ್ತಕ ಹೇಗೆ ಓದಬೇಕು, ನೋಟ್ಸ್ ಹೇಗೆ ಬರೆಯಬೇಕು ಎಂದು ಕೇಳುತ್ತಾರೆ. ನಾನು ದೆವ್ವದ ಕತೆ ಶುರು ಮಾಡುತ್ತೇನೆ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಮುದುಕನಿಗೆ ಅರಳುಮರಳು ಎಂದುಕೊಂಡರೂ ಅಡ್ಡಿಯಿಲ್ಲ. ನನಗೆ ಓದುವುದನ್ನು ಕಲಿಸಿದ್ದು ಮಾಸ್ತರರಲ್ಲ, ದೆವ್ವ.

೧. ಚಹಾ ಇನ್ನೂ ಬಂದಿಲ್ಲ

ಕಾಲುವೆಗೆ ನೀರು ಬಂದು ಕೆಲವು ವರ್ಷಗಳಾಗಿದ್ದವು. ನಮ್ಮೂರು ಜವಳಗೇರಾದಲ್ಲಿ ಜೋಳದ ಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದವು. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದ ಮೊದಲಿಗ ನಾನು. ಲಿಂಗಸುಗೂರಿನಲ್ಲಿ ಒಂದು ಖೋಲಿ ಹಿಡಿದು, ಮಸ್ಕಿಯ ಗೆಳೆಯನೊಬ್ಬನ ಜೊತೆ ಇದ್ದೆ.

ಅರ್ಥಶಾಸ್ತ್ರದ ಮಾಸ್ತರರು ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ, ಹೇಳುತ್ತ ಹೋಗುತ್ತಿದ್ದರು. ನಾವು ಬರೆಯುತ್ತ ಹೋಗುತ್ತಿದ್ದೆವು. ಪಠ್ಯಪುಸ್ತಕ ತರಗತಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ, ರಾಯಚೂರಿನ ಅಂಗಡಿಗಳಲ್ಲೂ ಸಿಗುತ್ತಿರಲಿಲ್ಲ. ಒಂದಕ್ಷರ ತಪ್ಪಿದರೂ ಮುಳುಗಿದೆ ಎಂಬ ಭಯಕ್ಕೆ ನಾನು ಅವರ ಬಾಯಿಂದ ಬಂದದ್ದನ್ನೆಲ್ಲ ಬರೆದುಕೊಂಡೆ. ಬರೆದದ್ದನ್ನೆಲ್ಲ ಬಾಯಿಪಾಠ ಮಾಡಿದೆ. ಬಾಯಿಪಾಠ ಮಾಡಿದ್ದನ್ನೆಲ್ಲ ಪರೀಕ್ಷೆಯಲ್ಲಿ ಇಳಿಸಿದೆ. ನಪಾಸಾದೆ.

ಯಾಕೆ ಹೀಗಾಯಿತು ಎಂದು ಕೇಳಲು ಹೋದರೆ, ಮಾಸ್ತರರು ನನ್ನ ನೋಟ್ಸ್ ತರಿಸಿ ಓದಿದರು. ಬೇಡಿಕೆ ಹೆಚ್ಚಿದರೆ ಬೆಲೆ ಏರುತ್ತದೆ, ಚಹಾ ಇನ್ನೂ ಬಂದಿಲ್ಲ, ಪೂರೈಕೆ ಹೆಚ್ಚಿದರೆ ಬೆಲೆ ಇಳಿಯುತ್ತದೆ. ಇದನ್ನು ಉತ್ತರಪತ್ರಿಕೆಯಲ್ಲೂ ಹೀಗೇ ಬರೆದೆಯಾ ಎಂದು ಕೇಳಿದರು. ಹೌದೆಂದೆ.

ಅಪ್ಪ ಹೆಚ್ಚು ಮಾತಾಡುವವನಲ್ಲ. "ನೀರು ಬಂದೈತಿ, ಗದ್ದಿಗೆ ಕೈ ಬೇಕಾಗ್ಯಾವ. ಅಕ್ಟೋಬರ್ ಪರೀಕ್ಷಾದಾಗ ಪಾಸಾದ್ರ ಓದು, ಇಲ್ಲಂದ್ರ ಬಂದು ನೇಗಲಾ ಹಿಡಿ," ಎಂದ. ಅವನು ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವವನಲ್ಲ ಎಂದು ನನಗೆ ಗೊತ್ತಿತ್ತು.

ಹೊಸ ವಿದ್ಯಾರ್ಥಿಗಳಿಗೆ ಮೊದಲ ಮಾತು: ಹೇಳಿದ್ದನ್ನೆಲ್ಲ ಬರೆಯಬೇಡಿ. ಮಾಸ್ತರರು ಅವತ್ತು ನೋಟ್ಸ್ ವಾಪಸ್ ಕೊಡುತ್ತ, ಇಷ್ಟು ಬರೆದವನು ಆ ಚಹಾ ಕೊನೆಗೂ ಬಂತೋ ಇಲ್ಲವೋ ಅದನ್ನಾದರೂ ಬರೆಯಬೇಕಿತ್ತು ಎಂದರು.

೨. ತಲೆಯ ಕೆಳಗಿನ ಪುಸ್ತಕ

ಪುಸ್ತಕ ಇರುವ ಜಾಗ ಹೇಳಿದವನು ಮಸ್ಕಿಯ ಗೆಳೆಯ. ಹೇಳುವಾಗ ದನಿ ತಗ್ಗಿಸಿದ. "ಗೊರೇಬಾಳದಾಗ ಒಂದೈತಿ. ಆದ್ರ ಅದರ ಮಾಲಕ ಕಾಲುವಿಗೆ ಹೋಗ್ಯಾನ."

ಗೊರೇಬಾಳದವನು ಕಾಲೇಜಿನಲ್ಲಿ ನಮಗಿಂತ ಒಂದು ವರ್ಷ ಮುಂದಿನವನು. ಹಿಂದಿನ ವರ್ಷ ಅರ್ಥಶಾಸ್ತ್ರದಲ್ಲೇ ನಪಾಸಾಗಿದ್ದ. ಫಲಿತಾಂಶದ ಮಾರನೆಯ ದಿನ ಅವನ ಚಪ್ಪಲಿ, ಟವೆಲ್ಲು ಕಾಲುವೆಯ ದಂಡೆಯ ಮೇಲೆ ಸಿಕ್ಕವು. ಅವನು ಸಿಗಲಿಲ್ಲ. ನೀರು ಬಹಳ ದೂರ ಹೋಗುತ್ತದೆ, ಎಲ್ಲೋ ತೂಬಿನಲ್ಲಿ ಸಿಕ್ಕಿರಬೇಕು ಎಂದು ಜನ ಮಾತಾಡಿಕೊಂಡರು.

ಸತ್ತವರ ವಸ್ತು ಕೇಳಲು ಹೋಗುವುದು ನನಗೂ ಬೇಡವಾಗಿತ್ತು. ಆದರೆ ನೇಗಿಲು ನೆನಪಾಯಿತು, ಹೋದೆ. ಮಟಮಟ ಮಧ್ಯಾಹ್ನ. ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಅವನ ತಾಯಿ ಒಬ್ಬಳೇ ಒಳಗೆ ಕೂತಿದ್ದಳು. ಅವಳ ಮುಂದೆ ಒಂದು ಗಂಗಾಳದಲ್ಲಿ ರೊಟ್ಟಿ, ಪಲ್ಯ ಬಡಿಸಿಟ್ಟಿತ್ತು. ಯಾರೂ ಉಣ್ಣುತ್ತಿರಲಿಲ್ಲ. ನಾನು ಬಾಗಿಲಲ್ಲಿ ನಿಂತಾಗ ಅವಳು ತಲೆ ಎತ್ತಿದ ರೀತಿ ಇವತ್ತಿಗೂ ಮರೆತಿಲ್ಲ. ಬೇರೆ ಯಾರೋ ಬಂದರು ಎಂದುಕೊಂಡಿದ್ದಳು.

ಬಂದ ಕಾರಣ ಹೇಳಿದೆ. ಗೋಡೆಯ ಮಾಡದಲ್ಲಿಟ್ಟಿದ್ದ ಪುಸ್ತಕ ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು. "ಓದು ತಮ್ಮಾ. ಮಾನಮಿ ಅಮಾಸಿಗೆ ಮಾತ್ರ ತಂದು ಕೊಡು, ಎಡಿಗೆ ಇಡಬೇಕು," ಎಂದಳು. ಹೆಣ ಸಿಗದವನಿಗೆ ಎಡೆ ಇಡಬೇಕೋ ಬೇಡವೋ ಎಂದು ಊರಿನ ಹಿರಿಯರು ವರ್ಷವಿಡೀ ವಾದ ಮಾಡಿ, ಕೊನೆಗೆ ಈ ಮಹಾಲಯ ಅಮಾವಾಸ್ಯೆಗೆ ಇಟ್ಟುಬಿಡು ಎಂದಿದ್ದರಂತೆ. ಎಡೆ ಇಟ್ಟ ಮೇಲೆ ದಿನಾ ಬಡಿಸುವುದನ್ನು ಬಿಡಬೇಕಂತೆ. ಅಷ್ಟು ಹೇಳಿ, ಯಾರಿಗೆ ಹೇಳುತ್ತಿದ್ದಳೋ, "ನನ್ನ ಮಗಗ ಈಜು ಬರ್ತಿತ್ತು," ಎಂದಳು.

ಏನಾದರೂ ಆಡಬೇಕಲ್ಲ ಎಂದು, ಅವನು ಈ ಪುಸ್ತಕ ಬಹಳ ಓದುತ್ತಿದ್ದನೇ ಎಂದು ಕೇಳಿದೆ. ಓದುವುದು ತಾನು ನೋಡಿಲ್ಲ, ಆದರೆ ದಿನಾ ತಲೆಯ ಕೆಳಗೆ ಇಟ್ಟುಕೊಂಡೇ ಮಲಗುತ್ತಿದ್ದ, ಬೇರೆ ದಿಂಬು ಕೊಟ್ಟರೆ ಬೇಡ ಅನ್ನುತ್ತಿದ್ದ ಎಂದಳು.

೩. ನಾಲ್ಕನೆಯ ಅಂಗ

ಓದಲೆಂದು ಜವಳಗೇರಾಕ್ಕೆ ಬಂದರೆ ಮನೆಯಲ್ಲಿ ಗದ್ದಲ. ಹಾಗಾಗಿ ಓದಲು ಊರ ಹೊರಗಿನ ತಗಡಿನ ಶೆಡ್ಡು ಹಿಡಿದೆವು. ಕಾಲುವೆ ತೋಡುವಾಗ ಸಾಮಾನು ಇಡಲು ಕಟ್ಟಿದ್ದು. ಕೆಲಸ ಮುಗಿದ ಮೇಲೆ ಅಲ್ಲಿಗೆ ಯಾರೂ ಹೋಗುತ್ತಿರಲಿಲ್ಲ, ಏಕೆಂದರೆ ನೀರಿನಿಂದ ಎತ್ತಿದವರನ್ನು ಪಂಚನಾಮೆಗೆ ಮಲಗಿಸುತ್ತಿದ್ದದ್ದು ಅಲ್ಲೇ. ಮುಂದೆ ಕಾಲುವೆ. ಆಚೆ ದಂಡೆಯಲ್ಲಿ ಆಳೆತ್ತರ ಬೆಳೆದ ಆಪು ಹುಲ್ಲು, ಅದರ ಹಿಂದೆ ಎಲ್ಲೋ ಆಂಧ್ರದಿಂದ ಬಂದವರ ಕ್ಯಾಂಪು. ಬಿಸಿಲೇರಿದರೆ ತಗಡು ತಾನೇ ಟಕ್ ಟಕ್ ಎನ್ನುತ್ತಿತ್ತು.

ಮಸ್ಕಿಯ ಗೆಳೆಯ ಇಂಗ್ಲಿಷಿನಲ್ಲಿ ಬಿದ್ದಿದ್ದ, ಜೋಡಿಗೆ ಬಂದಿದ್ದ. ಸತ್ತವನ ಪುಸ್ತಕದ ಗಾಳಿ ತನ್ನ ಕಡೆ ಬರದ ಹಾಗೆ ನಡುವೆ ಒಂದು ನಿಂಬೆಹಣ್ಣು ಇಟ್ಟುಕೊಂಡೇ ಕೂರುತ್ತಿದ್ದ.

ಪುಸ್ತಕ ತೆರೆದರೆ ಒಂದು ಸಾಲೂ ಬಿಡದೆ ಕೆಂಪು ಪೆನ್ಸಿಲಿನ ಗೆರೆ. ಮುನ್ನುಡಿಗೂ ಗೆರೆ, ಮುದ್ರಕರ ವಿಳಾಸಕ್ಕೂ ಗೆರೆ. ಯಾವುದು ಮುಖ್ಯ ಎಂದು ತಿಳಿಯಲು ಗೆರೆ ಇಲ್ಲದ ಜಾಗ ಹುಡುಕಬೇಕಿತ್ತು. ಅಂಚಿನಲ್ಲಿ ಬೇರೆ ಅವನ ಬರವಣಿಗೆ: ಇದು ಬರ್ತದ. ಇದು ಬರೂದಿಲ್ಲ. ಇದು ನನಗ ತಿಳಿಯಂಗಿಲ್ಲ. ಅವ್ವ ಉಣ್ಣಾಕ ಕರದಾಳ, ಇಲ್ಲಿಗೆ ನಿಲ್ಲಿಸೀನಿ.

ನಮ್ಮ ಕಾಲದಲ್ಲಿ ಓದುವುದೆಂದರೆ ಗಟ್ಟಿಯಾಗಿ ಓದುವುದು. ದನಿ ಊರಿಗೆ ಕೇಳದಿದ್ದರೆ ಹುಡುಗ ಓದುತ್ತಿಲ್ಲ ಎಂದೇ ಹಿರಿಯರ ಲೆಕ್ಕ. ಚಹಾದಿಂದ ನನಗೆ ಬುದ್ಧಿ ಬಂದಿರಲಿಲ್ಲ. ಸಾಲನ್ನೂ ಓದಿದೆ, ಅಂಚನ್ನೂ ಓದಿದೆ, ಅವ್ವ ಉಣ್ಣಾಕ ಕರದಾಳ ಎಂಬುದನ್ನೂ ಕಾಲುವೆಯ ಆಚೆಗೆ ಕೇಳುವ ಹಾಗೆ ಒದರಿದೆ. ಅದನ್ನು ಓದಿದಾಗ ಗಾಳಿಯಿಲ್ಲದಿದ್ದರೂ ಆಚೆಯ ಆಪು ಅಲ್ಲಾಡಿತು.

ಉತ್ಪಾದನೆಯ ಅಂಗಗಳು ನಾಲ್ಕು. ನಾಲ್ಕನೆಯದು ನನಗೆ ಎಂದೂ ನೆನಪಾಗುತ್ತಿರಲಿಲ್ಲ. ಪುಸ್ತಕ ಮುಚ್ಚಿ, ಕಣ್ಣು ಮುಚ್ಚಿ, "ಭೂಮಿ, ಶ್ರಮ, ಬಂಡವಾಳ," ಎಂದು ಹೇಳಿ ನಿಂತೆ. ಮತ್ತೊಮ್ಮೆ ಭೂಮಿಯಿಂದ ಶುರು ಮಾಡಿ ಮತ್ತೆ ಅಲ್ಲೇ ನಿಂತೆ.

ನೀರಿನ ಆಚೆಯಿಂದ ಒಂದು ದನಿ, ಬೇಸತ್ತವರ ದನಿ, "ಸಂಘಟನೆ" ಎಂದಿತು.

ಮಸ್ಕಿಯ ಗೆಳೆಯ ಎದ್ದದ್ದನ್ನು ನಾನು ನೋಡಲಿಲ್ಲ, ಹೋಗುತ್ತಿರುವುದನ್ನಷ್ಟೇ ನೋಡಿದೆ. ಚಪ್ಪಲಿ, ನಿಂಬೆಹಣ್ಣು, ಇಂಗ್ಲಿಷ್ ವ್ಯಾಕರಣ ಎಲ್ಲ ಬಿಟ್ಟು ಸೀದಾ ಮಸ್ಕಿಯ ದಾರಿ ಹಿಡಿದ. ನಾನೂ ಎದ್ದು ನಿಂತಿದ್ದೆ. ಆದರೆ ಓಡುವ ಮುಂಚೆ ಪುಸ್ತಕ ತೆರೆದು ನೋಡಿದೆ. ದೆವ್ವ ಹೇಳಿದ ಉತ್ತರ ಸರಿಯಾಗಿತ್ತು.

೪. ಉದ್ದಾತು

ಮಾರನೆಯ ದಿನ ಮತ್ತೆ ಹೋದೆ. ಧೈರ್ಯದಿಂದಲ್ಲ. ಅಪ್ಪ ಬೆಳಿಗ್ಗೆ ಎತ್ತುಗಳಿಗೆ ಮೇವು ಹಾಕುತ್ತ ನನ್ನ ಅಂಗೈ ಕಡೆ ಒಮ್ಮೆ ನೋಡಿದ್ದ, ಅಷ್ಟು ಸಾಕಾಗಿತ್ತು.

ಗಟ್ಟಿಯಾಗಿ ಓದುವ ಧೈರ್ಯ ಇನ್ನಿರಲಿಲ್ಲ. ಹಾಗಾಗಿ ನೋಟ್ಸ್ ಮಾಡಲು ಶುರು ಮಾಡಿದೆ. ನೋಟ್ಸ್ ಅಂದರೆ ಏನು, ಇಡೀ ಅಧ್ಯಾಯವನ್ನು ಇದ್ದ ಹಾಗೇ ಹಾಳೆಗೆ ಇಳಿಸಿದೆ. ಮಧ್ಯಾಹ್ನ ಪುಸ್ತಕದ ಮೇಲೆ ಹಾಳೆ ಇಟ್ಟು, ಕಲ್ಲು ಹೇರಿ, ಊಟಕ್ಕೆ ಮನೆಗೆ ಹೋಗಿ ಬಂದೆ.

ಬಾಗಿಲಿನಿಂದ ಪುಸ್ತಕದವರೆಗೆ ಒದ್ದೆ ಹೆಜ್ಜೆಗಳು. ಪುಸ್ತಕದಿಂದ ಮತ್ತೆ ಬಾಗಿಲಿಗೆ. ಬಿಸಿಲಿಗೆ ಅಂಚುಗಳು ಆರುತ್ತಿದ್ದವು. ಹೋದವರು ಈಗಷ್ಟೇ ಹೋಗಿದ್ದರು. ಕಲ್ಲು ಪಕ್ಕದಲ್ಲಿತ್ತು. ನನ್ನ ಹಾಳೆಗಳ ಮೇಲೆ ಅಡ್ಡ ಗೆರೆ ಎಳೆದು, ಕೆಳಗೆ ಪೆನ್ಸಿಲಿನಿಂದ ಬರೆದಿತ್ತು: ಉದ್ದಾತು.

ಅಕ್ಷರ ನನಗೆ ಗೊತ್ತಿತ್ತು. ಪುಸ್ತಕದ ಅಂಚಿನ ಅಕ್ಷರವೇ. ಓಡಬೇಕೆಂದುಕೊಂಡೆ, ಮತ್ತೆ ನೇಗಿಲು ನೆನಪಾಯಿತು. ಕೂತಲ್ಲೇ ಕೂತು ಅದೇ ಅಧ್ಯಾಯವನ್ನು ಅರ್ಧಕ್ಕೆ ಇಳಿಸಿದೆ. ಮಾರನೆಯ ದಿನ ಊಟ ಮಾಡಿ ಬಂದರೆ, ಒದ್ದೆ ಹೆಜ್ಜೆ, ಕೆಳಗೆ: ಇನ್ನೂ ಉದ್ದ. ಆಮೇಲೆ ಪುಸ್ತಕ ಮುಚ್ಚಿಟ್ಟು, ನನಗೆ ತಿಳಿದದ್ದನ್ನು ನನ್ನ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದೆ. ಅವತ್ತು ದೆವ್ವ ಏನೂ ಬರೆಯಲಿಲ್ಲ. ಹಾಳೆಯ ಮೂಲೆಯಲ್ಲಿ ಹೆಬ್ಬೆರಳಿನ ಒದ್ದೆ ಗುರುತು ಮಾತ್ರ ಇತ್ತು. ಒಪ್ಪಿಗೆ ಎಂದುಕೊಂಡೆ. ಮಕ್ಕಳೇ, ನೋಟ್ಸ್ ಮಾಡುವ ಕ್ರಮ ಇದೇ. ಇದಕ್ಕಿಂತ ಒಳ್ಳೆಯದನ್ನು ನನಗೆ ಬದುಕಿರುವ ಯಾರೂ ಹೇಳಿಕೊಟ್ಟಿಲ್ಲ.

ಹೀಗೆ ದಿನಗಳು ಹೋದವು. ಹೆದರಿಕೆ ಹೋಗಲಿಲ್ಲ, ಆದರೆ ಅಭ್ಯಾಸವಾಯಿತು. ಅಮಾವಾಸ್ಯೆ ಹತ್ತಿರ ಬಂದಾಗ, ಇಷ್ಟು ಉಪಕಾರ ಮಾಡಿದವರಿಗೆ ಹೇಳದೆ ಪುಸ್ತಕ ಒಯ್ಯುವುದು ಸರಿಯಲ್ಲ ಅನಿಸಿತು. ಶೆಡ್ಡಿನ ಬಾಗಿಲಲ್ಲಿ ನಿಂತು, ನೀರಿಗೆ ಕೈ ಮುಗಿದು ಗಟ್ಟಿಯಾಗಿ ಹೇಳಿದೆ: "ಅಮಾಸಿಗೆ ಪುಸ್ತಕ ನಿಮ್ಮ ಮನಿಗೆ ಹೊಕ್ಕೈತ್ರಿ. ನಿಮ್ಮವ್ವ ಎಡಿಗೆ ಇಡತಾಳಂತ. ಓದೂದಿದ್ರ ಇನ್ನ ಅಲ್ಲಿಗೇ ಬರ್ರಿ." ಆಪಿನೊಳಗೆ ಏನೋ ದೊಡ್ಡದು ದುಡುಂ ಎಂದು ನೀರಿಗೆ ಬಿತ್ತು. ಮರ್ಯಾದೆ ಕೊಟ್ಟು ಮಾತಾಡಿದ್ದು ಸಾಕೆಂದು ನಾನೂ ಓಡಿದೆ.

೫. ಎಡೆ

ಗೊರೇಬಾಳಕ್ಕೆ ನಾನು ಮುಟ್ಟುವ ಹೊತ್ತಿಗೆ ಎಲ್ಲ ತಯಾರಾಗಿತ್ತು. ಬಾಳೆಯೆಲೆಯ ಮೇಲೆ ಹೋಳಿಗೆ, ಅನ್ನ, ಸಾರು, ಬದನೆಕಾಯಿ ಪಲ್ಯ, ಹಪ್ಪಳ. ಪಕ್ಕದಲ್ಲಿ ಹೊಸ ಧೋತರ. ತಾಯಿ ಪುಸ್ತಕವನ್ನು ನನ್ನ ಕೈಯಿಂದ ತಗೊಂಡು ಎಲೆಯ ಬಲಕ್ಕೆ ಇಟ್ಟಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಒಂದು ವರ್ಷ ಬಡಿಸಿದ ಗಂಗಾಳವನ್ನು ತೊಳೆದು ಗೋಡೆಗೆ ಬೋರಲು ಹಾಕಿದ್ದಳು. ಅದನ್ನು ನೋಡಿ ನನಗೇ ಅಳು ಬಂತು.

ತಂಬಿಗೆ ಮಾತ್ರ ಇರಲಿಲ್ಲ. ನೀರಿಗೆ ಹೋದವನ ಎಡೆಗೆ ನೀರು ಇಡಬಾರದೆಂದು ಓಣಿಯ ಹಿರಿಯನೊಬ್ಬ ಕಟ್ಟಪ್ಪಣೆ ಮಾಡಿದ್ದ.

ನಮ್ಮ ಕಡೆ ಎಡೆ ಇಟ್ಟ ಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಕೂರುವುದು ಪದ್ಧತಿ. ಹೋದವರು ಬಂದು ಉಂಡು ಹೋಗಲಿ ಎಂದು. ಹಾಗೆ ಕೂತೆವು. ಬಿಸಿಲು ನೆತ್ತಿಗೆ ಬಂದಿತ್ತು. ಒಳಗೆ, ಮಾಳಿಗೆಯ ಬೆಳಕಿಂಡಿಯ ಕಡೆಯಿಂದ, ಮಣ್ಣು ಉದುರಿದ ಸದ್ದಾಯಿತು. ಆಮೇಲೆ ಹಪ್ಪಳ ಮುರಿದ ಸದ್ದು.

ಹಿರಿಯನ ಮುಖ ಬಿಳುಪೇರಿತು. ಆದರೂ ಹಿರಿತನ ಬಿಡಲಾಗದೆ, ಉಣ್ಣಾಕತ್ತಾನ, ಗದ್ದಲ ಮಾಡಬ್ಯಾಡ್ರಿ ಎಂದು ಕೈ ಮಾಡಿದ. ಇನ್ನೊಂದು ಹಪ್ಪಳ ಮುರಿಯಿತು. ಪುಸ್ತಕದ ಹಾಳೆ ತಿರುವಿದ ಸದ್ದು ಕೇಳಿಸಿತು. ಆಮೇಲೆ ಒಂದು ಬಿಕ್ಕಳಿಕೆ, ಅದರ ಹಿಂದೆಯೇ ಒಂದು ದನಿ.

"ಯವ್ವಾ, ನೀರು ಇಟ್ಟಿಲ್ಲಲ್ಲ."

ಅಂಗಳ ಖಾಲಿಯಾಯಿತು. ಎಲ್ಲರಿಗಿಂತ ಮುಂದೆ ಹಿರಿಯನೇ ಓಡುತ್ತಿದ್ದ. ನಾನು ಉಳಿದದ್ದು ಗಟ್ಟಿತನದಿಂದಲ್ಲ. ಆ ದನಿಗೆ ಸಂಘಟನೆ ಎಂದು ಹೇಳಲು ಬರುತ್ತದೆಂದು ನನಗೊಬ್ಬನಿಗೇ ಗೊತ್ತಿತ್ತು.

ತಾಯಿ ತಂಬಿಗೆ ತುಂಬಿಕೊಂಡು ಒಳಗೆ ಹೋದಳು. ಎಲೆಯ ಮುಂದೆ ಅವಳ ಮಗ ಕೂತಿದ್ದ. ಕರ್ರಗಾಗಿದ್ದ, ತೊಯ್ದ ಅಂಗಿ, ಮೊಣಕಾಲವರೆಗೆ ಗದ್ದೆಯ ಕೆಸರು. ಅವಳು ಕೂಗಲಿಲ್ಲ. ಅವನು ನೀರು ಕುಡಿಯುವವರೆಗೆ ನೋಡಿದಳು. "ಉಂಡು ಮುಗಿಸು. ಎಡಿ ಅರ್ಧಕ್ಕ ಬಿಡಬಾರದು," ಎಂದಳು. ಅವನು ತಲೆ ತಗ್ಗಿಸಿ ಹೋಳಿಗೆ ತಿನ್ನುತ್ತ ಎಲ್ಲ ಹೇಳಿದ. ಅವತ್ತು ಸೇತುವೆಯ ಮೇಲೆ ಊರವರು ಕೂತಿದ್ದರಂತೆ. ಪಾಸಾದೆಯಾ ಎಂದು ಕೇಳುತ್ತಾರಲ್ಲ ಎಂದು ಚಪ್ಪಲಿ, ಟವೆಲ್ಲು ದಂಡೆಯಲ್ಲೇ ಬಿಟ್ಟು ಈಜಿ ದಾಟಿದನಂತೆ. ದಾಟಿದವನು ಹಾಗೇ ಹೋಗಿ ನಮ್ಮ ಶೆಡ್ಡಿನ ಎದುರಿನ ಕ್ಯಾಂಪಿನಲ್ಲಿ ನಾಟಿ ಕೆಲಸಕ್ಕೆ ನಿಂತ. ತಾನು ಸತ್ತಿದ್ದೇನೆಂದು ಆಮೇಲೆ ತಿಳಿಯಿತು. ನಪಾಸಾದವ ಅನ್ನಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಅನಿಸಿತಂತೆ. ಆದರೆ ಒಂದು ಮಧ್ಯಾಹ್ನ ಕಾಲುವೆಯ ಈಚೆಯಿಂದ ಯಾರೋ, ಅವ್ವ ಉಣ್ಣಾಕ ಕರದಾಳ ಎಂದು ಒದರಿದ್ದು ಕೇಳಿ, ಅವತ್ತಿನಿಂದ ಅವನಿಗೆ ಊಟ ಸೇರಿರಲಿಲ್ಲ.

ಕೇಳಿ ಮುಗಿಸಿದ ತಾಯಿ, ಎಲೆ ಖಾಲಿಯಾಗಿದೆಯೇ ಎಂದು ನೋಡಿ, ಪಕ್ಕದಲ್ಲಿದ್ದ ಅರ್ಥಶಾಸ್ತ್ರವನ್ನು ಎರಡೂ ಕೈಯಿಂದ ಎತ್ತಿ ಅವನ ತಲೆಯ ಮೇಲೆ ಹೊಡೆದಳು. ಆ ಪುಸ್ತಕ ಅವನ ತಲೆಯ ಕೆಳಗಿನಿಂದ ಮೇಲೆ ಬಂದದ್ದು ಅವತ್ತೇ ಮೊದಲು. ಆಮೇಲೆ ಅವನನ್ನು ತಬ್ಬಿಕೊಂಡು ಅವಳು ಅತ್ತದ್ದು ಓಡಿಹೋದವರಿಗೂ ಕೇಳಿಸಿರಬೇಕು. ಒಬ್ಬೊಬ್ಬರಾಗಿ ವಾಪಸ್ ಬಂದರು.

ಅಕ್ಟೋಬರ್ ಪರೀಕ್ಷೆಯಲ್ಲಿ ಉತ್ಪಾದನೆಯ ಅಂಗಗಳನ್ನೇ ಕೇಳಿದ್ದರು. ನಾಲ್ಕನೆಯದನ್ನು ನಾನು ಮೊದಲು ಬರೆದೆ. ಪಾಸಾದೆ. ಅಪ್ಪ ಗದ್ದೆಗೆ ಒಬ್ಬ ಆಳನ್ನು ಇಟ್ಟುಕೊಂಡ. ಗೊರೇಬಾಳದವನಿಗೆ ಆ ಸಲ ಕೂರಲಾಗಲಿಲ್ಲ. ಸತ್ತವರಿಗೆ ಹಾಲ್ ಟಿಕೆಟ್ ಕೊಡುವ ಪದ್ಧತಿಯಿಲ್ಲ ಎಂದು ಕಚೇರಿಯಲ್ಲಿ ಹೇಳಿದ್ದರು. ಬದುಕಿದ್ದಾನೆಂದು ಅವರನ್ನು ಒಪ್ಪಿಸಿ, ಮುಂದಿನ ಪರೀಕ್ಷೆಗೆ ನಾನೂ ಅವನೂ ಅದೇ ಶೆಡ್ಡಿನಲ್ಲಿ ಕೂತು ಓದಿದೆವು, ನನ್ನ ಒಂದೊಂದು ಹಾಳೆಯ ನೋಟ್ಸ್ ಇಟ್ಟುಕೊಂಡು. ಅವನೂ ಪಾಸಾದ.

ಸುದ್ದಿ ಹೇಳಲು ಗೊರೇಬಾಳಕ್ಕೆ ಹೋದಾಗ ತಾಯಿ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದಳು. ನನ್ನ ಕೈಗೂ ಒಂದು ಹಿಡಿ ಹಾಕಿ ಹೇಳಿದಳು: "ನನ್ನ ಮಗ ಬದುಕಿದ್ದಾಗ ನಪಾಸಾದ ತಮ್ಮಾ. ಸತ್ತು ಬಂದ ಮ್ಯಾಲ ಪಾಸಾದ ನೋಡು."