ಬೆಂಚು ಕಂಡರೆ ಬುತ್ತಿ

ಸ್ಕಾಟ್ಲೆಂಡ್ ಹೇಗಿತ್ತು ಎಂದು ದಯವಿಟ್ಟು ನಮ್ಮನೆಯವರನ್ನು ಕೇಳಬೇಡಿ. ಅವರು ಅಲ್ಲಿ ನೋಡಿದ್ದು ಬೆಂಚುಗಳನ್ನು ಮಾತ್ರ! ಕೂತಿದ್ದು ಬೆಂಚಿನ ಮೇಲೆ, ತಿಂದಿದ್ದು ಕಡಕ್ ರೊಟ್ಟಿ. ಇಷ್ಟಕ್ಕೆ ಅಮೆರಿಕದ ಸ್ಯಾನ್ ಹೋಸೆಯಿಂದ ವಿಮಾನ ಬದಲಿಸಿಕೊಂಡು ಅಷ್ಟು ದೂರ ಹೋಗಬೇಕಿತ್ತೆ?

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಕಳೆದ ವರ್ಷ ನನ್ನ ಬಲಮಂಡಿಗೆ ಆಪರೇಷನ್ ಆಯಿತು. ಆಮೇಲೆ ನಮ್ಮ ಬಡಾವಣೆ ಎವರ್‌ಗ್ರೀನಿನಲ್ಲಿ ಯಾರ ಮನೆಗೆ ಹೋದರೂ ನಾನು ಚಪ್ಪಲಿ ಬಿಡುವ ಮುಂಚೆಯೇ ಕುರ್ಚಿ ಬರುತ್ತಿತ್ತು. 'ಕೂತ್ಕೊಳ್ಳಿ ಆಂಟಿ' ಎಂದರೆ ಸಾಕು, ನನಗೆ ಮೈಯೆಲ್ಲ ಉರಿ! ಸ್ಕಾಟ್ಲೆಂಡಿನಲ್ಲಿ ಒಂದು ಗುಡ್ಡವನ್ನಾದರೂ ನನ್ನ ಕಾಲ ಮೇಲೇ ಹತ್ತಿ ತೋರಿಸಬೇಕು ಎಂಬ ಹಟ ಹುಟ್ಟಿದ್ದು ಆ ಕುರ್ಚಿಗಳಿಂದಲೇ. ಹೊರಡುವ ಮುಂಚೆ ಮನೆಯವರಿಗೆ ಖಡಾಖಂಡಿತವಾಗಿ ಹೇಳಿದೆ.

"ದಾರೀಲಿ ನನ್ನ ಕಾಲಿನ ಸುದ್ದಿ ಎತ್ತಿದ್ರೆ ನೋಡಿ! ಅಲ್ಲಿಂದಾನೇ ವಾಪಸ್ ಬಂದ್ಬಿಡ್ತೀನಿ."

"ನಾ ಯಾಕ ಎತ್ತಲಿ? ನನಗ ನನ್ನ ಹೊಟ್ಟೀದೇ ಚಿಂತಿ," ಎಂದ ಈ ಹುಬ್ಬಳ್ಳಿಯ ಮನುಷ್ಯ ಸೂಟ್‌ಕೇಸಿಗೆ ಐವತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ತುಂಬಿದರು. ನನ್ನ ಸ್ವೆಟರು ಹೊರಗುಳಿಯಿತು.

ಮನೆಯಲ್ಲಿ ಇವರದು ದಿನಕ್ಕೆ ಎರಡೇ ಊಟ. ನಡುವೆ ಒಂದು ಬಿಸ್ಕತ್ತನ್ನೂ ಮುಟ್ಟುವವರಲ್ಲ. ಬೆಳಿಗ್ಗೆ ಎದ್ದರೆ ಮನೆ ಹಿಂದಿನ ಗುಡ್ಡವನ್ನು ಎಲ್ಲೂ ನಿಲ್ಲದೆ ಹತ್ತಿ ಇಳಿಯುತ್ತಾರೆ. ಅದೇ ಮನುಷ್ಯ ಎಡಿನ್‌ಬರೋದಲ್ಲಿ ಅರ್ಧ ಗಂಟೆಗೊಮ್ಮೆ ಹಸಿದು ಬಳಲಿದರು! ಆ ಊರೋ, ಎಲ್ಲಿ ನೋಡಿದರೂ ಏರು, ಕಲ್ಲಿನ ಮೆಟ್ಟಿಲು. ಕೋಟೆಗೆ ಮೂರು ಗಂಟೆಯ ಟಿಕೆಟ್ಟು. ಇನ್ನೇನು ಬಾಗಿಲು ಕಾಣಬೇಕು, ಅಷ್ಟರಲ್ಲಿ ಬೆಂಚು ಕಂಡಿತು.

"ರೀ, ಟೈಮ್ ಆಯ್ತು!"

"ಕ್ವಾಟಿ ಎಲ್ಲೆ ಓಡಿ ಹೋಗತೈತಿ? ನೂರಾರು ವರ್ಷದಿಂದ ಅಲ್ಲೇ ನಿಂತೈತಿ. ನನ್ನ ಹಸಿವಿ ನಿಂದರಂಗಿಲ್ಲ. ಬಾ, ಕುಂದರು."

ಕೋಟೆ ಓಡಿಹೋಗಲಿಲ್ಲ, ನಿಜ. ನಮ್ಮ ಟಿಕೆಟ್ಟಿನ ಹೊತ್ತು ಓಡಿಹೋಯಿತು. ಕೋಟೆಯನ್ನು ನಾವು ಹೊರಗಿನಿಂದ, ಬೆಂಚಿನ ಮೇಲೆ ಕೂತು ನೋಡಿದೆವು.

ಮರುದಿನ ಒಂದು ಸರೋವರದ ದಂಡೆ, ಅಲ್ಲೂ ಬೆಂಚು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಇವರು ರೊಟ್ಟಿ ಕಡಿಯುವ ಕಟಕಟ ಸದ್ದಿಗೆ ಬೆದರಿ ಇತ್ತ ತಿರುಗಿದರು. ಇವರು ಬಿಟ್ಟಾರೆಯೇ? ರೊಟ್ಟಿ ಮುರಿದು, ಮೇಲೆ ಚಟ್ನಿಪುಡಿ ಉದುರಿಸಿ ಕೊಟ್ಟರು. ಅಜ್ಜಿ ಬಾಯಿಗಿಟ್ಟು, ಕಣ್ಣಲ್ಲಿ ನೀರು ತುಂಬಿಕೊಂಡು "ಲವ್ಲೀ" ಎಂದವರೇ ನಮ್ಮ ಇಡೀ ಬಾಟಲಿ ನೀರು ಕುಡಿದರು.

"ನೋಡಿದಿ? ಎಷ್ಟ ಸೇರಿತು ಆಕಿಗೆ!"

ಕೊನೆಗೆ ನನ್ನ ಗುಡ್ಡದ ದಿನ ಬಂತು. ಬೆಳಿಗ್ಗೆ ಹತ್ತು ರೊಟ್ಟಿ ಎಣಿಸಿ ಕಟ್ಟಿದವಳು ನಾನೇ. ಕೆಳಗೆ ಎರಡು ಬೆಂಚುಗಳಿದ್ದವು, ಎರಡರಲ್ಲೂ ಬುತ್ತಿ ಬಿಚ್ಚಿದ್ದಾಯಿತು. ಬೆಂಚು ಮುಗಿದ ಮೇಲೆ ಬಂಡೆಗಳು ಶುರುವಾದವು. ಆರನೇ ಸಲ "ಹೊಟ್ಟಿ ಚುರ್ ಅನ್ನಾಕತ್ತೈತಿ" ಎಂದಾಗ ನನ್ನ ತಾಳ್ಮೆ ಕೆಟ್ಟಿತು.

"ನಿಮ್ಮದು ಹೊಟ್ಟೇನೋ ಗೋಡೌನೋ? ನಿಮ್ಮಿಂದ ನಾನು ತುದಿ ಮುಟ್ಟೋದೇ ಇಲ್ಲ!"

ಅವರು ರೊಟ್ಟಿ ಕಡಿಯುತ್ತಾ ಬಂಡೆಯ ಮೇಲೆ ನನಗೂ ಜಾಗ ಬಿಟ್ಟರು.

ತುದಿ ಮುಟ್ಟಿದೆ! ನನ್ನ ಕಾಲ ಮೇಲೇ, ಯಾರ ಕೈಯನ್ನೂ ಹಿಡಿಯದೆ. ಕೆಳಗೆ ಸರೋವರ, ಸುತ್ತ ಹಸಿರು, ಕಿವಿ ಕಿತ್ತುಹೋಗುವಂಥ ಗಾಳಿ. ಖುಷಿಗೆ ಉದಾರಿಯಾದೆ.

"ಈಗ ಬಿಚ್ಚಿ ನಿಮ್ಮ ಬುತ್ತೀನ. ಹೊಟ್ಟೆ ತುಂಬಾ ತಿನ್ನಿ."

"ಬ್ಯಾಡ ಬಿಡು. ಹಸಿವಿಲ್ಲ."

ಏನು, ಹಸಿವಿಲ್ಲವೆ? ನಾನೇ ಚೀಲ ತೆಗೆದು ನೋಡಿದೆ. ಒಂಬತ್ತು ರೊಟ್ಟಿ ಇಡಿಯಾಗಿದ್ದವು. ಹತ್ತನೆಯದರಲ್ಲೂ ಅರ್ಧ ಉಳಿದಿತ್ತು. ಆರು ಸಲ ಕೂತು, ನನ್ನಿಂದ ಬೈಸಿಕೊಂಡು ಈ ಮನುಷ್ಯ ತಿಂದಿದ್ದು ಅರ್ಧ ರೊಟ್ಟಿ! ಅಷ್ಟೂ ಸಲ ಕಾಲು ಚಾಚಿ ಕೂತವಳು ನಾನು. 'ಕೂತ್ಕೊ' ಎಂದರೆ ಕೂರದವಳನ್ನು ಒಂದು ವಾರ ಹೀಗೆ ಕೂರಿಸಿಕೊಂಡೇ ಇಲ್ಲಿಯವರೆಗೆ ಹತ್ತಿಸಿದ್ದರು. ನನಗೆ ಅಳು ಬಂತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಇವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಉಕ್ಕಿರಲಿಲ್ಲ. ಗಾಳಿಗೆ ಕಣ್ಣುರಿ ಎಂದು ಸೆರಗಿಲ್ಲದ ಜಾಕೆಟ್ಟಿನ ತೋಳಿನಲ್ಲೇ ಮುಖ ಒರೆಸಿಕೊಂಡೆ.

ಇಳಿಯುವಾಗ ಮಂಡಿ ನಿಜಕ್ಕೂ ನೋಯತೊಡಗಿತು. ಇವರು ಯಾವುದೋ ಕುರಿ ನೋಡುತ್ತಾ ಮುಂದೆ ಹೋಗುತ್ತಿದ್ದರು. ಒಂದು ಬಂಡೆ ಬಂತು.

"ರೀ," ಎಂದೆ. "ನಂಗೆ ಹಸಿವಾಗ್ತಿದೆ."

ಅವರು ತಿರುಗಿ ಬಂದರು. ನನ್ನ ಕಾಲನ್ನು ನೋಡಲೇ ಇಲ್ಲ. ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದರು.